ತೊಟ್ಟಿಯ ಫ್ಲೋಟ್ ಸ್ವಿಚ್ಚಿನಿಂದ ಪಂಪ್ ಮನೆಯವರೆಗೆ: ಉದ್ದದ ತಂತಿಯಲ್ಲಿ ಹುಟ್ಟುವ ಸುಳ್ಳು ಸಂಕೇತಗಳು

ಪ್ರಶ್ನೆ: ನಾವು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು. ಕೊಳವೆ ಬಾವಿಯ ಪಂಪ್ ಮನೆಯಿಂದ 180 ಮೀಟರ್ ದೂರದ ಎತ್ತರದಲ್ಲಿ ನೀರಿನ ತೊಟ್ಟಿ ಇದೆ. ತೊಟ್ಟಿ ತುಂಬಿದಾಗ ಮೋಟಾರು ನಿಲ್ಲಲೆಂದು ಮಗ ಆರ್ಡುಯಿನೋ ಊನೋ ಬೋರ್ಡಿನಿಂದ ಒಂದು ನಿಯಂತ್ರಕ ಮಾಡಿದ್ದಾನೆ. ಫ್ಲೋಟ್ ಸ್ವಿಚ್ಚಿನ ಎರಡು ತಂತಿಗಳು ನೇರವಾಗಿ ಬೋರ್ಡಿಗೆ ಬರುತ್ತವೆ. ತೊಟ್ಟಿ ತುಂಬಿದರೆ ಸ್ವಿಚ್ಚು ಮುಚ್ಚುತ್ತದೆ. ಅದೇ ಪೈಪಿನಲ್ಲಿ ತೊಟ್ಟಿಯ ಬಳಿ ಇರುವ ಡ್ರಿಪ್ ಪಂಪಿನ ತ್ರೀ ಫೇಸ್ ಕೇಬಲ್ಲೂ ಹೋಗಿದೆ. ಡ್ರಿಪ್ ಪಂಪ್ ಶುರುವಾದ ಕೂಡಲೇ, ತೊಟ್ಟಿ ಅರ್ಧವೂ ತುಂಬದಿದ್ದರೂ, ಬೋರ್ಡು ‘ತುಂಬಿದೆ’ ಎಂದು ಬೋರಿನ ಮೋಟಾರು ನಿಲ್ಲಿಸುತ್ತದೆ. ಕೆಲವೊಮ್ಮೆ ಬೋರ್ಡು ತಾನಾಗಿ ರೀಸೆಟ್ ಆಗುತ್ತದೆ. ಪ್ರೋಗ್ರಾಮಿನಲ್ಲಿ 100 ಮಿಲಿಸೆಕೆಂಡ್ ಬಿಟ್ಟು ಎರಡನೇ ಸಲ ಓದುವಂತೆ ಮಾಡಿದರೂ ಸರಿಹೋಗಲಿಲ್ಲ. ಕಳೆದ ಏಪ್ರಿಲ್‌ನ ಗುಡುಗು ಮಳೆಯಲ್ಲಿ ಒಂದು ಬೋರ್ಡು ಸುಟ್ಟೂ ಹೋಯಿತು. ತೊಟ್ಟಿಯ ತಳಕ್ಕೆ ಹಾಕಿದ 0–5 ವೋಲ್ಟಿನ ಒತ್ತಡ ಸೆನ್ಸರಿನ ಅಳತೆಯೂ ಓಲಾಡುತ್ತದೆ. ಏನು ಮಾಡಬೇಕು?

ಉತ್ತರ: ನಿಮ್ಮ ವಿವರಣೆಯಲ್ಲೇ ರೋಗದ ಮೂಲವನ್ನು ತೋರಿಸುವ ಒಂದು ಮಾತಿದೆ. ತೊಟ್ಟಿ ತುಂಬದೆ ಇರುವಾಗ, ಅಂದರೆ ಸ್ವಿಚ್ಚು ತೆರೆದಿರುವಾಗ ಮಾತ್ರ ತಪ್ಪು ಓದು ಬರುತ್ತಿದೆ. ಸ್ವಿಚ್ಚು ಮುಚ್ಚಿದಾಗ ಎರಡು ತಂತಿಗಳೂ ದೂರದ ತುದಿಯಲ್ಲಿ ಒಂದಾಗಿ ಬಿಡುತ್ತವೆ, ಹೊರಗಿನಿಂದ ನುಸುಳಿದ ವೋಲ್ಟೇಜಿಗೆ ನಿಲ್ಲಲು ಎಡೆಯೇ ಇರುವುದಿಲ್ಲ. ತೆರೆದಾಗ ಹಾಗಲ್ಲ. ಆಗ 180 ಮೀಟರ್ ಉದ್ದದ ಒಂದು ತಂತಿ ಬೋರ್ಡಿನ ಕಾಲಿಗೆ (ಪಿನ್ನಿಗೆ) ಸುಮ್ಮನೆ ನೇತುಬಿದ್ದಿರುತ್ತದೆ, ಅದನ್ನು 5 ವೋಲ್ಟಿನ ಕಡೆಗೆ ಹಿಡಿದಿಟ್ಟಿರುವುದು ಚಿಪ್ಪಿನ ಒಳಗಿನ ಪುಲ್‌ಅಪ್ ರೆಸಿಸ್ಟರ್ ಒಂದೇ. ಊನೋದಲ್ಲಿರುವ ಚಿಪ್ಪಿನಲ್ಲಿ ಅದರ ಬೆಲೆ 20ರಿಂದ 50 ಕಿಲೋಓಮ್. ಮೇಜಿನ ಮೇಲೆ ಒಂದು ಗೇಣುದ್ದದ ತಂತಿಗೆ ಅದು ಧಾರಾಳ ಸಾಕು. ತೋಟದ ಉದ್ದಕ್ಕೆ ಹೋಗುವ ತಂತಿಗೆ ಅದು ಎಮ್ಮೆಯನ್ನು ಬಾಳೆನಾರಿನಿಂದ ಕಟ್ಟಿದಂತೆ.

ಎಷ್ಟು ದುರ್ಬಲ ಎಂಬುದನ್ನು ಲೆಕ್ಕ ಹಾಕಿ ನೋಡೋಣ, ಏಕೆಂದರೆ ಪರಿಹಾರವೆಲ್ಲ ಈ ಲೆಕ್ಕದಲ್ಲೇ ಅಡಗಿದೆ. ಅಕ್ಕಪಕ್ಕದಲ್ಲಿ ಸಾಗುವ ಎರಡು ತಂತಿಗಳ ನಡುವೆ ಇನ್ಸುಲೇಶನ್ ಇದ್ದರೂ ಅವೆರಡೂ ಸೇರಿ ಒಂದು ಉದ್ದನೆಯ ಕೆಪ್ಯಾಸಿಟರ್ ಆಗುತ್ತವೆ. ಮೀಟರಿಗೆ 40 ಪಿಕೋಫ್ಯಾರಡ್ ಎಂದು ಹಿಡಿದರೆ 180 ಮೀಟರಿಗೆ 7.2 ನ್ಯಾನೋಫ್ಯಾರಡ್ ಆಗುತ್ತದೆ. 50 ಹರ್ಟ್ಸ್‌ಗೆ ಇದು ಒಡ್ಡುವ ತಡೆ ಸುಮಾರು 440 ಕಿಲೋಓಮ್. ಪಕ್ಕದ ಫೇಸಿನಲ್ಲಿ 230 ವೋಲ್ಟ್ ಇದ್ದರೆ ಸುಮಾರು ಅರ್ಧ ಮಿಲಿಆಂಪಿಯರ್ ನಿಮ್ಮ ಸಂಕೇತದ ತಂತಿಗೆ ಸೋರುತ್ತದೆ. ಅರ್ಧ ಮಿಲಿಆಂಪಿಯರ್ ಏನೂ ಅಲ್ಲ ಎನಿಸಬಹುದು. ಆದರೆ ಅದೇ ಅರ್ಧ ಮಿಲಿಆಂಪಿಯರ್ 35 ಕಿಲೋಓಮಿನ ಪುಲ್‌ಅಪ್‌ನಲ್ಲಿ ಹರಿದರೆ ಸುಮಾರು 18 ವೋಲ್ಟ್ ಹುಟ್ಟಿಸಬಲ್ಲದು. ಚಿಪ್ಪಿನ ಒಳಗಿನ ರಕ್ಷಣಾ ಡಯೋಡುಗಳು ಅಡ್ಡ ಬಂದು ಅದನ್ನು 5 ವೋಲ್ಟಿನ ಆಸುಪಾಸಿಗೆ ಕತ್ತರಿಸುತ್ತವೆ ಅಷ್ಟೆ. ಒಂದು ಕಿಲೋಓಮಿನ ರೆಸಿಸ್ಟರಿನಲ್ಲಿ ಅದೇ ಪ್ರವಾಹ ಹುಟ್ಟಿಸುವುದು ಕೇವಲ ಅರ್ಧ ವೋಲ್ಟ್. ವಾಸ್ತವದಲ್ಲಿ ಮೂರು ಫೇಸುಗಳ ಪ್ರಭಾವ ಒಂದನ್ನೊಂದು ಬಹುಪಾಲು ಕಳೆದುಹಾಕುವುದರಿಂದ ಸೋರಿಕೆ ಈ ಲೆಕ್ಕಕ್ಕಿಂತ ಕಡಿಮೆ ಇರುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಒಂದು ಫೇಸು ಹೋಗುವುದು ಅಪರೂಪವಲ್ಲ, ಆಗ ಆ ಸಮತೋಲನ ತಪ್ಪಿ ಸೋರಿಕೆ ಒಮ್ಮೆಲೇ ಏರುತ್ತದೆ. ಆದ್ದರಿಂದ ಕೆಟ್ಟ ದಿನದ ಲೆಕ್ಕವನ್ನೇ ಹಿಡಿಯಬೇಕು.

ಡ್ರಿಪ್ ಪಂಪ್ ಶುರುವಾದಾಗಲೇ ತೊಂದರೆ ಏಕೆ ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಅದರ ಸ್ಟಾರ್ಟರ್ ಪಂಪ್ ಮನೆಯಲ್ಲೇ ಇದ್ದರೆ, ಕಾಂಟ್ಯಾಕ್ಟರ್ (ಸ್ಟಾರ್ಟರಿನೊಳಗಿನ ವಿದ್ಯುತ್ಕಾಂತದ ಸ್ವಿಚ್ಚು) ಕೂರುವವರೆಗೆ ಪೈಪಿನೊಳಗಿನ ಆ ಕೇಬಲ್ಲಿನಲ್ಲಿ ವೋಲ್ಟೇಜೇ ಇರುವುದಿಲ್ಲ. ಕಾಂಟ್ಯಾಕ್ಟರ್ ಕೂತ ಕ್ಷಣದಿಂದ ಇಡೀ 180 ಮೀಟರಿನುದ್ದಕ್ಕೂ 50 ಹರ್ಟ್ಸ್‌ನ ಸೋರಿಕೆ ಆರಂಭವಾಗುತ್ತದೆ. ಜೊತೆಗೆ, ನೇರವಾಗಿ ಶುರುವಾಗುವ ಮೋಟಾರು ಮೊದಲ ಕ್ಷಣಗಳಲ್ಲಿ ತನ್ನ ಪೂರ್ಣ ಹೊರೆಯ ಐದಾರು ಪಟ್ಟು ಪ್ರವಾಹ ಎಳೆಯುವುದರಿಂದ ಅದರ ಸುತ್ತಲಿನ ಕಾಂತಕ್ಷೇತ್ರವೂ ಅಷ್ಟೇ ಪ್ರಬಲವಾಗಿ, ನಿಮ್ಮ ಎರಡು ತಂತಿಗಳ ನಡುವಿನ ಖಾಲಿ ಜಾಗದ ಮೂಲಕ ಹಾದು ಅಲ್ಲಿಯೂ ವೋಲ್ಟೇಜ್ ಹುಟ್ಟಿಸುತ್ತದೆ.

ಇನ್ನು ನಿಮ್ಮ ಮಗ ಮಾಡಿದ ಪ್ರೋಗ್ರಾಮಿನ ತಿದ್ದುಪಡಿಯ ವಿಷಯ. ಎರಡು ಸಲ ಓದಿ ಎರಡೂ ಒಂದೇ ಆಗಿದ್ದರೆ ಮಾತ್ರ ನಂಬುವುದು ಒಳ್ಳೆಯ ಆಲೋಚನೆಯೇ. ಆದರೆ 100 ಮಿಲಿಸೆಕೆಂಡ್ ಎಂಬ ಅಂತರ ದುರದೃಷ್ಟದ ಆಯ್ಕೆ. 50 ಹರ್ಟ್ಸ್‌ನ ಒಂದು ಆವರ್ತ 20 ಮಿಲಿಸೆಕೆಂಡ್. 100 ಎಂದರೆ ಸರಿಯಾಗಿ ಐದು ಆವರ್ತಗಳು. ಮೊದಲ ಓದು ಅಲೆಯ ತಗ್ಗಿನಲ್ಲಿ ಬಿದ್ದಿದ್ದರೆ ಎರಡನೆಯದೂ ಅದೇ ತಗ್ಗಿನಲ್ಲಿ ಬೀಳುತ್ತದೆ, ಬೋರ್ಡು ಎರಡು ಸಲ ಅದೇ ಸುಳ್ಳನ್ನು ಕೇಳಿ ಅದನ್ನು ನಿಜವೆಂದು ನಂಬುತ್ತದೆ. ನಾನು ಈ ತಪ್ಪನ್ನು ಬಹಳ ಕಡೆ ನೋಡಿದ್ದೇನೆ, ಏಕೆಂದರೆ 20, 100, 500 ಎಂಬ ದುಂಡು ಸಂಖ್ಯೆಗಳೇ ನಮ್ಮ ಕೈಗೆ ಮೊದಲು ಬರುವುದು. ಓದುಗಳ ನಡುವೆ 7 ಮಿಲಿಸೆಕೆಂಡ್ ಬಿಟ್ಟು ನೋಡಿದರೆ ಅವು ಅಲೆಯ ಬೇರೆಬೇರೆ ಜಾಗಗಳಲ್ಲಿ ಬೀಳುತ್ತವೆ. ನೀರಿನ ತೊಟ್ಟಿ ಕ್ಷಣಾರ್ಧದಲ್ಲಿ ತುಂಬುವ ವಸ್ತುವಲ್ಲವಾದ್ದರಿಂದ, ಸತತ ಮೂರು ಸೆಕೆಂಡುಗಳ ಕಾಲ ಎಲ್ಲ ಓದುಗಳೂ ಒಂದೇ ಆಗಿದ್ದರೆ ಮಾತ್ರ ಒಪ್ಪಿಕೊಳ್ಳಿ. ನಡುವೆ ಒಂದು ತಪ್ಪಿದರೂ ಎಣಿಕೆ ಮೊದಲಿನಿಂದ ಶುರುವಾಗಲಿ. ಇಂತಹ ತಂತಿಯನ್ನು ಇಂಟರಪ್ಟ್ ಕಾಲಿಗೆ ಜೋಡಿಸಿ ಒಂದೇ ಒಂದು ಏರಿಳಿತಕ್ಕೆ ಮೋಟಾರು ನಿಲ್ಲುವಂತೆ ಮಾಡುವುದು ಬೇಡ.

ಆದರೂ ಪ್ರೋಗ್ರಾಮ್ ಕೊನೆಯ ಕಾವಲುಗಾರ ಮಾತ್ರ. ಕಾಲಿಗೆ ಬಂದು ಬಡಿಯುವ ಅತಿ ವೋಲ್ಟೇಜನ್ನು ಅದು ತಡೆಯಲಾರದು, ಬೋರ್ಡು ಸುಡುವುದನ್ನೂ ತಪ್ಪಿಸಲಾರದು. ಮೊದಲು ತಂತಿ, ಆಮೇಲೆ ಸರ್ಕ್ಯೂಟು, ಕೊನೆಗೆ ಪ್ರೋಗ್ರಾಮ್ ಎಂಬ ಕ್ರಮದಲ್ಲೇ ನೀವು ಹೋಗಬೇಕು.

ತಂತಿಯ ಮಟ್ಟಿಗೆ ಅತ್ಯಂತ ಫಲ ಕೊಡುವ ಕೆಲಸವೆಂದರೆ ಅದನ್ನು ಡ್ರಿಪ್ ಪಂಪಿನ ಪೈಪಿನಿಂದ ಹೊರತೆಗೆದು ಬೇರೆ ಪೈಪಿನಲ್ಲಿ, ಸಾಧ್ಯವಾದರೆ ಒಂದು ಅಡಿಯಷ್ಟಾದರೂ ದೂರದಲ್ಲಿ, ಎಳೆಯುವುದು. ಎರಡೂ ಒಂದನ್ನೊಂದು ದಾಟಲೇಬೇಕಾದ ಕಡೆ ಲಂಬವಾಗಿ ದಾಟಲಿ. ಗದ್ದಲದ, ಅಂದರೆ ಸಂಕೇತಕ್ಕೆ ಬೆರೆಯುವ ಬೇಡದ ವೋಲ್ಟೇಜಿನ, ಮಾತು ಒತ್ತಟ್ಟಿಗಿರಲಿ, 415 ವೋಲ್ಟಿನ ಕೇಬಲ್ಲಿನ ಜೊತೆ ಕಡಿಮೆ ವೋಲ್ಟೇಜಿನ ತಂತಿಯನ್ನು ಒಂದೇ ಪೈಪಿಗೆ ತುರುಕುವುದು ಜೀವಕ್ಕೂ ಅಪಾಯ. ಇಲಿ ಕಡಿದೋ ಗುದ್ದಲಿ ತಾಗಿಯೋ ಇನ್ಸುಲೇಶನ್ ಹೋದರೆ ತೊಟ್ಟಿಯ ನೀರಿಗೇ ಫೇಸು ತಲುಪಬಹುದು. ಎರಡು ಬಿಡಿ ತಂತಿಗಳ ಬದಲು ತಿರುಚಿದ ಜೋಡಿ ತಂತಿ ಬಳಸಿ. ಒಂದು ತಿರುವಿನಲ್ಲಿ ಕಾಂತಕ್ಷೇತ್ರ ಹುಟ್ಟಿಸಿದ ವೋಲ್ಟೇಜನ್ನು ಮುಂದಿನ ತಿರುವು ವಿರುದ್ಧ ದಿಕ್ಕಿನಲ್ಲಿ ಹುಟ್ಟಿಸಿ ಕಳೆದುಹಾಕುತ್ತದೆ. ಸ್ವಿಚ್ಚಿಗೆ ಹೋಗುವ ಮತ್ತು ಅದರಿಂದ ಮರಳುವ ತಂತಿ ಒಂದೇ ಜೋಡಿಯಲ್ಲಿರಬೇಕು. ಮರಳುವ ದಾರಿಯಾಗಿ ಭೂಮಿಯನ್ನೋ ಬೇರೆ ಯಾವುದೋ ಕೇಬಲ್ಲಿನ ಒಂದು ಎಳೆಯನ್ನೋ ಬಳಸಿದರೆ ತಿರುಚಿದ್ದರ ಪ್ರಯೋಜನ ಪೂರ್ತಿ ಹಾಳಾಗುತ್ತದೆ. 0.5 ಚದರ ಮಿಲಿಮೀಟರಿನ ತಾಮ್ರದ ಜೋಡಿಯಾದರೆ ಹೋಗಿಬರುವ 360 ಮೀಟರಿಗೆ ಒಟ್ಟು ರೋಧ ಸುಮಾರು 13 ಓಮ್, ಇದು ನಮ್ಮ ಕೆಲಸಕ್ಕೆ ಲೆಕ್ಕಕ್ಕೇ ಬಾರದು. ಕಂಪ್ಯೂಟರ್ ಜಾಲಕ್ಕೆ ಬಳಸುವ ಕ್ಯಾಟ್-5ಇ ಕೇಬಲ್ಲೂ ತಿರುಚಿದ ಜೋಡಿಯೇ. ಆದರೆ ಮನೆಯೊಳಗಿನ ಬಳಕೆಗೆ ಮಾಡಿದ್ದು ಬಿಸಿಲಿಗೆ ಬಿರುಕುಬಿಡುತ್ತದೆ, ಹೊರಾಂಗಣಕ್ಕೆಂದೇ ಮಾಡಿದ್ದನ್ನು ಕೇಳಿ ಕೊಳ್ಳಿ.

ಎಳೆಗಳ ಸುತ್ತ ಲೋಹದ ಹೊದಿಕೆ, ಅಂದರೆ ಶೀಲ್ಡ್, ಇರುವ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಆ ಶೀಲ್ಡನ್ನು ಪಂಪ್ ಮನೆಯ ತುದಿಯಲ್ಲಿ ಮಾತ್ರ ಅರ್ತಿಂಗಿಗೆ ಸೇರಿಸಿ, ತೊಟ್ಟಿಯ ತುದಿಯಲ್ಲಿ ಟೇಪು ಸುತ್ತಿ ಬಿಟ್ಟುಬಿಡಿ. ಎರಡೂ ಕಡೆ ನೆಲಕ್ಕೆ ಸೇರಿಸಿದರೆ 180 ಮೀಟರ್ ಅಂತರದ ಎರಡು ನೆಲಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಶೀಲ್ಡಿನಲ್ಲೇ ಪ್ರವಾಹ ಹರಿಯತೊಡಗುತ್ತದೆ. ಮೋಟಾರಿನ ವೇಗ ಬದಲಿಸುವ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್‌ಗಳಂತಹ ಅಧಿಕ ಆವರ್ತನದ ಗದ್ದಲ ಇರುವಲ್ಲಿ ಎರಡೂ ತುದಿಗಳನ್ನು ಸೇರಿಸುವ ಪದ್ಧತಿ ಇದೆ, ಅದು ಒಂದೇ ಕಟ್ಟಡದೊಳಗೆ ಒಂದೇ ಅರ್ತಿಂಗ್ ಇರುವ ಕಾರ್ಖಾನೆಗಳಿಗೆ ಹೊಂದುವ ಮಾತು. ಬಯಲಿನ ತೋಟಕ್ಕೆ ಒಂದೇ ತುದಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸರ್ಕ್ಯೂಟಿನಲ್ಲಿ ಮಾಡಬೇಕಾದ ಬದಲಾವಣೆಯೇ ಎಲ್ಲಕ್ಕಿಂತ ಮುಖ್ಯವಾದುದು. ದೂರದ ಸ್ವಿಚ್ಚಿಗೆ 5 ವೋಲ್ಟ್ ಮತ್ತು ಮಿಲಿಆಂಪಿಯರಿನ ಹತ್ತರಲ್ಲೊಂದು ಭಾಗದಷ್ಟು ಪ್ರವಾಹವನ್ನು ಕಳಿಸುವ ಬದಲು 24 ವೋಲ್ಟ್ ಮತ್ತು 10 ಮಿಲಿಆಂಪಿಯರ್ ಕಳಿಸಿ, ಆ ಪ್ರವಾಹವನ್ನು ಒಂದು ಆಪ್ಟೋಕಪ್ಲರಿನ (ತಂತಿ ಸೇರಿಸದೆ ಬೆಳಕಿನಿಂದ ಸಂಕೇತ ದಾಟಿಸುವ ಬಿಡಿಭಾಗ) ಮೂಲಕ ಓದಿ. ಪಿಸಿ817 ಎಂಬ ಅಗ್ಗದ ಆಪ್ಟೋಕಪ್ಲರ್ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. 24 ವೋಲ್ಟಿನ ಧನ ತುದಿಯಿಂದ ಹೊರಟ ತಂತಿ ಫ್ಲೋಟ್ ಸ್ವಿಚ್ಚಿಗೆ ಹೋಗಿ ಮರಳಿ ಬಂದು, 2.2 ಕಿಲೋಓಮಿನ ಅರ್ಧ ವಾಟ್ ರೆಸಿಸ್ಟರಿನ ಮೂಲಕ ಆಪ್ಟೋಕಪ್ಲರಿನ ಎಲ್‌ಇಡಿಯನ್ನು ದಾಟಿ 24 ವೋಲ್ಟಿನ ಋಣ ತುದಿಗೆ ಸೇರಲಿ. ಆ ಎಲ್‌ಇಡಿಗೆ ಸಮಾಂತರವಾಗಿ ಒಂದು ಕಿಲೋಓಮಿನ ರೆಸಿಸ್ಟರನ್ನೂ, ತಿರುಗುಮುರುಗಾಗಿ ಒಂದು 1ಎನ್4148 ಡಯೋಡನ್ನೂ ಹಾಕಿ. ಎಲ್‌ಇಡಿ ಹೊತ್ತಿಕೊಳ್ಳಲು ಸುಮಾರು 1.2 ವೋಲ್ಟ್ ಬೇಕಾದ್ದರಿಂದ, ಮೊದಲ 1.2 ಮಿಲಿಆಂಪಿಯರ್ ಆ ಸಮಾಂತರ ರೆಸಿಸ್ಟರಿನಲ್ಲೇ ಹರಿದುಹೋಗುತ್ತದೆ. ಮೇಲಿನ ಲೆಕ್ಕದ ಅರ್ಧ ಮಿಲಿಆಂಪಿಯರ್ ಸೋರಿಕೆ ಎಷ್ಟೇ ಪ್ರಯತ್ನಿಸಿದರೂ ಎಲ್‌ಇಡಿಯನ್ನು ಹೊತ್ತಿಸಲಾರದು, ಸ್ವಿಚ್ಚಿನ ನಿಜವಾದ 10 ಮಿಲಿಆಂಪಿಯರ್ ಮಾತ್ರ ಹೊತ್ತಿಸಬಲ್ಲದು. ಕಾರ್ಖಾನೆಗಳಲ್ಲಿ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿಗಳ 24 ವೋಲ್ಟ್ ಇನ್‌ಪುಟ್‌ಗಳಲ್ಲಿ 5 ವೋಲ್ಟಿಗಿಂತ ಕಡಿಮೆಯಿದ್ದರೆ ‘ಇಲ್ಲ’, 15 ವೋಲ್ಟಿಗಿಂತ ಹೆಚ್ಚಿದ್ದರೆ ‘ಇದೆ’ ಎಂದು ನಿಗದಿಪಡಿಸಿರುವುದೂ ಇದೇ ಕಾರಣಕ್ಕೆ: ನಡುವೆ ಅಗಲವಾದ ಅಂತರ ಇದ್ದಷ್ಟೂ ಸುಳ್ಳಿಗೆ ದಾರಿ ಕಡಿಮೆ.

10 ಮಿಲಿಆಂಪಿಯರಿನಿಂದ ಇನ್ನೊಂದು ಲಾಭವೂ ಇದೆ. ಫ್ಲೋಟ್ ಸ್ವಿಚ್ಚಿನೊಳಗಿನ ಲೋಹದ ಸಂಪರ್ಕಗಳು ಆಂಪಿಯರುಗಟ್ಟಲೆ ಪ್ರವಾಹಕ್ಕೆಂದು ಮಾಡಿದವು. ಅವುಗಳ ಮೇಲೆ ಕಾಲಕ್ರಮೇಣ ಕಟ್ಟುವ ಕಿಲುಬಿನ ತೆಳು ಪದರವನ್ನು ಭೇದಿಸಲು ಸ್ವಲ್ಪ ಪ್ರವಾಹ ಮತ್ತು ವೋಲ್ಟೇಜ್ ಬೇಕು. ಪುಲ್‌ಅಪ್‌ನ ಕ್ಷೀಣ ಪ್ರವಾಹಕ್ಕೆ ಅದು ಸಾಧ್ಯವಾಗದೆ, ವರ್ಷ ಕಳೆದ ಮೇಲೆ ಸ್ವಿಚ್ಚು ಮುಚ್ಚಿದರೂ ಬೋರ್ಡಿಗೆ ಗೊತ್ತಾಗದ ಸ್ಥಿತಿ ಬರುತ್ತದೆ.

24 ವೋಲ್ಟಿನ ಸರಬರಾಜು ಬೋರ್ಡಿನ 5 ವೋಲ್ಟಿನಿಂದ ಪೂರ್ತಿ ಬೇರೆಯಾಗಿರಲಿ, ಎರಡರ ಋಣ ತುದಿಗಳನ್ನು ಎಲ್ಲಿಯೂ ಸೇರಿಸಬೇಡಿ. ಸೇರಿಸಿದ ಕ್ಷಣವೇ ಆಪ್ಟೋಕಪ್ಲರ್ ಹಾಕಿದ ಶ್ರಮದ ಅರ್ಧ ವ್ಯರ್ಥವಾಗುತ್ತದೆ. ಹಾಗೆಯೇ ಈಗಿನ ಜೋಡಣೆಯನ್ನು ತಿರುವುಮುರುವು ಮಾಡಿ: ತೊಟ್ಟಿ ಖಾಲಿ ಇರುವಾಗ ಸ್ವಿಚ್ಚು ಮುಚ್ಚಿರಲಿ, ತುಂಬಿದಾಗ ತೆರೆಯಲಿ. ಮೂರು ತಂತಿಗಳ ಫ್ಲೋಟ್ ಸ್ವಿಚ್ಚಾದರೆ ತಂತಿ ಬದಲಿಸಿದರೆ ಸಾಕು. ಆಗ ತಂತಿ ಎಲ್ಲೇ ತುಂಡಾದರೂ, 24 ವೋಲ್ಟ್ ಹೋದರೂ ಬೋರ್ಡಿಗೆ ‘ತುಂಬಿದೆ’ ಎಂದೇ ಕಾಣಿಸಿ ಮೋಟಾರು ನಿಲ್ಲುತ್ತದೆ. ಈಗಿನ ಜೋಡಣೆಯಲ್ಲಿ ತಂತಿ ತುಂಡಾದರೆ ನೀರು ತುಂಬಿ ಹರಿದು ಅಡಿಕೆ ಬುಡವೆಲ್ಲ ಕೆಸರಾಗುವವರೆಗೂ ಯಾರಿಗೂ ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎಲೆಕ್ಟ್ರಾನಿಕ್ಸ್ ತಲೆನೋವೇ ಬೇಡವೆಂದು ಫ್ಲೋಟ್ ಸ್ವಿಚ್ಚನ್ನು ನೇರವಾಗಿ ಸ್ಟಾರ್ಟರಿನ ಕಾಯಿಲ್‌ಗೆ ಸರಣಿಯಲ್ಲಿ ಜೋಡಿಸಿ, 230 ಅಥವಾ 415 ವೋಲ್ಟನ್ನೇ ತೊಟ್ಟಿಯವರೆಗೆ ಒಯ್ಯುವ ರೂಢಿ ಅನೇಕ ಕಡೆ ಇದೆ. ನೀರಿನಲ್ಲಿ ಮುಳುಗುವ ಸ್ವಿಚ್ಚಿಗೆ ಆ ವೋಲ್ಟೇಜ್ ಕೊಡುವುದನ್ನು ನಾನು ಯಾರಿಗೂ ಹೇಳಲಾರೆ. ಅದಲ್ಲದೆ, ಆ ಉದ್ದದ ತಂತಿಗಳ ನಡುವಿನ ಕೆಪ್ಯಾಸಿಟೆನ್ಸ್ ಮೂಲಕವೇ ಕಾಯಿಲ್‌ಗೆ ಸಾಕಷ್ಟು ಪ್ರವಾಹ ಸಿಕ್ಕಿ, ಸ್ವಿಚ್ಚು ತೆರೆದರೂ ಸಣ್ಣ ಕಾಂಟ್ಯಾಕ್ಟರ್ ಕೈಬಿಡದೆ ಹಿಡಿದುಕೊಂಡೇ ಇರುವ ಸಂಭವ ದೂರ ಹೆಚ್ಚಿದಷ್ಟೂ ಹೆಚ್ಚುತ್ತದೆ.

ಬೋರ್ಡು ರೀಸೆಟ್ ಆಗುವುದು ಹೆಚ್ಚಾಗಿ ಬೇರೆಯೇ ದಾರಿಯ ತೊಂದರೆ, ಅದಕ್ಕೆ ಉದ್ದದ ತಂತಿಯನ್ನೇ ದೂರಿ ಫಲವಿಲ್ಲ. ಕಾಂಟ್ಯಾಕ್ಟರಿನ ಕಾಯಿಲ್ ಕಡಿತವಾಗುವಾಗ ಅದರಲ್ಲಿ ಶೇಖರವಾದ ಶಕ್ತಿ ಸಾವಿರಾರು ವೋಲ್ಟಿನ ಕಿಡಿಯಾಗಿ ರಿಲೇಯ ಸಂಪರ್ಕಗಳ ನಡುವೆ ಸಿಡಿಯುತ್ತದೆ, ಆ ಸಿಡಿತ ಹತ್ತಿರದ ಎಲ್ಲ ತಂತಿಗಳಿಗೂ ತಗಲುತ್ತದೆ. 230 ವೋಲ್ಟಿನ ಕಾಯಿಲ್‌ ಆದರೆ ಅದರ ಎರಡು ತುದಿಗಳಿಗೆ, ರಿಲೇಯ ಬಳಿಯಲ್ಲಲ್ಲ ಕಾಯಿಲ್‌ನ ಬಳಿಯಲ್ಲೇ, 100 ಓಮಿನ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡಿನ ಕೆಪ್ಯಾಸಿಟರನ್ನು ಸರಣಿಯಲ್ಲಿ ಜೋಡಿಸಿ ಹಾಕಬೇಕು. ಆ ಕೆಪ್ಯಾಸಿಟರ್ ಮೇಲೆ ಎಕ್ಸ್2 ಎಂಬ ಗುರುತು ಮತ್ತು 275 ವೋಲ್ಟ್ ಎಸಿ ಎಂಬ ಮಿತಿ ಬರೆದಿರಲೇಬೇಕು. ಸಾಮಾನ್ಯ ಕೆಪ್ಯಾಸಿಟರ್ ಇಲ್ಲಿ ಬೆಂಕಿಗೆ ಕಾರಣವಾದೀತು. ನಿಮ್ಮ ಸ್ಟಾರ್ಟರಿನ ಕಾಯಿಲ್ 415 ವೋಲ್ಟಿನದಾಗಿದ್ದರೆ ಈ ಬೆಲೆಗಳು ಸಲ್ಲವು. ಅಂಗಡಿಯಲ್ಲಿ ಸಿಗುವ ನೀಲಿ ಬಣ್ಣದ ಪುಟ್ಟ ರಿಲೇಗಳ ಮಿತಿ 250 ವೋಲ್ಟ್ ಎಸಿ ಆದ್ದರಿಂದ ಅವುಗಳಿಂದ 415 ವೋಲ್ಟನ್ನು ಕಡಿಯುವುದೇ ತಪ್ಪು. ಎಲೆಕ್ಟ್ರಿಷಿಯನ್ನರನ್ನು ಕರೆಸಿ 230 ವೋಲ್ಟಿನ ಕಾಯಿಲ್ ಹಾಕಿಸಿಕೊಳ್ಳಿ.

ರಿಲೇ ಬೋರ್ಡಿನ ಬಗ್ಗೆಯೂ ಒಂದು ಮಾತು. ಆಪ್ಟೋಕಪ್ಲರ್ ಇದೆ ಎಂದು ಮಾರುವ ಬೋರ್ಡುಗಳಲ್ಲಿ ಜೆಡಿ-ವಿಸಿಸಿ ಎಂದು ಬರೆದ ಕಡೆ ಒಂದು ಜಂಪರ್ ಇರುತ್ತದೆ. ಅದು ಇದ್ದಲ್ಲಿಯೇ ಇದ್ದರೆ ರಿಲೇಯ ಕಾಯಿಲ್‌ಗೂ ಆರ್ಡುಯಿನೋಗೂ ಒಂದೇ 5 ವೋಲ್ಟ್ ಹಂಚಿಕೆಯಾಗಿ, ಆಪ್ಟೋಕಪ್ಲರ್ ಇದ್ದೂ ಇಲ್ಲದಂತಾಗುತ್ತದೆ. ಜಂಪರ್ ತೆಗೆದು ರಿಲೇಗಳಿಗೆ ಪ್ರತ್ಯೇಕ 5 ವೋಲ್ಟಿನ ಸರಬರಾಜು ಕೊಡಿ. ನನ್ನ ಒಂದು ಕೆಲಸದಲ್ಲಿ ಮೂರು ವಾರ ಕಾಡಿದ ರೀಸೆಟ್ ಈ ಜಂಪರ್ ತೆಗೆದ ದಿನವೇ ನಿಂತಿತು. ಬೋರ್ಡಿನಲ್ಲಿ ವಾಚ್‌ಡಾಗ್ ಟೈಮರ್ (ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡರೆ ಬೋರ್ಡನ್ನು ತಾನೇ ರೀಸೆಟ್ ಮಾಡುವ ಗಡಿಯಾರ) ಚಾಲೂ ಮಾಡಿ, ರೀಸೆಟ್ ಆದ ಮೇಲೆ ಮೋಟಾರು ನಿಂತ ಸ್ಥಿತಿಯಿಂದಲೇ ಶುರುವಾಗುವಂತೆ ಬರೆಯಿರಿ.

ಒತ್ತಡದ ಸೆನ್ಸರಿಗೆ ಬರೋಣ. 0–5 ವೋಲ್ಟಿನ ಸೆನ್ಸರು ಒಂದೆರಡು ಮೀಟರಿಗೆ ಸರಿ, 180 ಮೀಟರಿಗೆ ಅಲ್ಲ. ದಾರಿಯಲ್ಲಿ ಸೇರಿದ ಪ್ರತಿ ಮಿಲಿವೋಲ್ಟೂ ನೀರಿನ ಮಟ್ಟವೆಂದೇ ಲೆಕ್ಕವಾಗುತ್ತದೆ. ಅದೇ ಒತ್ತಡಕ್ಕೆ 4–20 ಮಿಲಿಆಂಪಿಯರ್ ಕೊಡುವ ಎರಡು ತಂತಿಯ ಸೆನ್ಸರ್ ತನ್ನಿ. ಇದರಲ್ಲಿ ಅಳತೆ ಇರುವುದು ಪ್ರವಾಹದಲ್ಲಾದ್ದರಿಂದ ತಂತಿಯ 13 ಓಮ್ ಇದ್ದರೂ ಇಲ್ಲದಿದ್ದರೂ ಒಂದೇ. ಪಂಪ್ ಮನೆಯಲ್ಲಿ 220 ಓಮಿನ ನಿಖರ ರೆಸಿಸ್ಟರಿನ ಮೂಲಕ ಹಾಯಿಸಿದರೆ 0.88ರಿಂದ 4.4 ವೋಲ್ಟ್ ಸಿಗುತ್ತದೆ. ಖಾಲಿ ತೊಟ್ಟಿಗೂ 4 ಮಿಲಿಆಂಪಿಯರ್ ಇರುವುದರಿಂದ, 3.6ಕ್ಕಿಂತ ಕೆಳಗಿಳಿದರೆ ತಂತಿ ತುಂಡಾಗಿದೆ ಎಂದು ಬೋರ್ಡಿಗೇ ತಿಳಿಯುತ್ತದೆ. ಈ ಅಳತೆಯ ರೆಸಿಸ್ಟರ್ ಬೋರ್ಡಿನ ಋಣ ತುದಿಗೆ ಸೇರಬೇಕಾದ್ದರಿಂದ ಫ್ಲೋಟ್ ಸ್ವಿಚ್ಚಿನ 24 ವೋಲ್ಟನ್ನು ಇದಕ್ಕೆ ಹಂಚಬೇಡಿ, ಇನ್ನೊಂದು ಸಣ್ಣ ಸರಬರಾಜು ಇಡಿ. ಓದುವಾಗ ಸ್ವಿಚ್ಚಿಗೆ ಹೇಳಿದ್ದಕ್ಕೆ ತದ್ವಿರುದ್ಧವಾದ ಕ್ರಮ ಇಲ್ಲಿ ಬೇಕು: ಸರಿಯಾಗಿ 20 ಅಥವಾ 40 ಮಿಲಿಸೆಕೆಂಡಿನ ಅವಧಿಯಲ್ಲಿ ಸಮ ಅಂತರದಲ್ಲಿ ಹಲವು ಸಲ ಓದಿ ಸರಾಸರಿ ತೆಗೆದರೆ, 50 ಹರ್ಟ್ಸ್‌ನ ಏರು ಮತ್ತು ಇಳಿತ ಒಂದನ್ನೊಂದು ಕಳೆದುಕೊಂಡು ನೀರಿನ ಮಟ್ಟ ಮಾತ್ರ ಉಳಿಯುತ್ತದೆ. ಮುಂದೆ ಸೆನ್ಸರುಗಳು ಹೆಚ್ಚಾದರೆ 1200 ಮೀಟರಿನವರೆಗೆ ಸಾಗಬಲ್ಲ ಆರ್‌ಎಸ್-485 ಎಂಬ ಸಂವಹನ ಪದ್ಧತಿಯ ಕಡೆಗೆ ಹೋಗಬಹುದು. ಐ-ಸ್ಕ್ವೇರ್-ಸಿ (ಗಿಡ್ಡ ತಂತಿಗಳಿಗೆಂದು ಮಾಡಿದ ಸಂವಹನ ಪದ್ಧತಿ) ಸೆನ್ಸರುಗಳನ್ನು ಮಾತ್ರ ತೊಟ್ಟಿಯವರೆಗೆ ಎಳೆಯಲು ಹೋಗಬೇಡಿ. ಆ ಪದ್ಧತಿ ಸಹಿಸುವ ಒಟ್ಟು 400 ಪಿಕೋಫ್ಯಾರಡ್ ಕೆಲವೇ ಮೀಟರಿನಲ್ಲಿ ಮುಗಿದುಹೋಗುತ್ತದೆ.

ಸಿಡಿಲಿನ ವಿಷಯದಲ್ಲಿ ನಾನು ನಿಮಗೆ ಪೂರ್ಣ ಭರವಸೆ ಕೊಡಲಾರೆ. ನೇರವಾಗಿ ಬಡಿದ ಸಿಡಿಲನ್ನು ಇಂತಹ ಯಾವ ಬಿಡಿಭಾಗವೂ ತಡೆಯುವುದಿಲ್ಲ. ಆದರೆ ಬೋರ್ಡುಗಳು ಸುಡುವುದು ಹೆಚ್ಚಾಗಿ ದೂರದಲ್ಲಿ ಬಿದ್ದ ಸಿಡಿಲು ಉದ್ದದ ತಂತಿಯಲ್ಲಿ ಹುಟ್ಟಿಸುವ ವೋಲ್ಟೇಜಿನಿಂದ, ಅದನ್ನು ಬಹಳ ಮಟ್ಟಿಗೆ ತಡೆಯಬಹುದು. ತಂತಿ ಪಂಪ್ ಮನೆಯೊಳಗೆ ಬರುವಲ್ಲಿ ಪ್ರತಿ ಎಳೆಯಿಂದ ಅರ್ತಿಂಗಿಗೆ 90 ವೋಲ್ಟಿನ ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್, ಅದರ ನಂತರ ಸರಣಿಯಲ್ಲಿ 22 ಓಮಿನಷ್ಟು ರೆಸಿಸ್ಟರ್, ಅದರ ನಂತರ ಎರಡು ಎಳೆಗಳ ನಡುವೆ 33 ವೋಲ್ಟಿನ ಟಿವಿಎಸ್ ಡಯೋಡ್ ಇರಲಿ. ಟ್ಯೂಬು ದೊಡ್ಡ ಹೊಡೆತವನ್ನು ನೆಲಕ್ಕೆ ಕಳಿಸುತ್ತದೆ, ಅದು ಹೊತ್ತಿಕೊಳ್ಳುವ ಮೊದಲಿನ ಕ್ಷಣಗಳನ್ನು ಡಯೋಡ್ ನೋಡಿಕೊಳ್ಳುತ್ತದೆ, ನಡುವಿನ ರೆಸಿಸ್ಟರ್ ಡಯೋಡಿನ ಮೇಲೆ ಹೊರೆ ಬೀಳದಂತೆ ಕಾಯುತ್ತದೆ. ಇವುಗಳಿಂದ ಅರ್ತಿಂಗಿಗೆ ಹೋಗುವ ತಂತಿ ಗಿಡ್ಡವಾಗಿ, ನೇರವಾಗಿ, ಸುರುಳಿಯಿಲ್ಲದೆ ಇರಬೇಕು. ಅರ್ತಿಂಗ್ ಗುಂಡಿ ಒಣಗಿದ್ದರೆ ಇದೆಲ್ಲ ಅಲಂಕಾರ ಮಾತ್ರ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸಿ. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಸುಲಭವಾಗಿ ಕಳಚಬಹುದಾದ ಕನೆಕ್ಟರಿನಿಂದ ಆ ಜೋಡಿಯನ್ನು ಬಿಡಿಸಿಡುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ. ಮಳೆಯ ಮೋಡ ಕಾಣುವ ಮೊದಲೇ ಬಿಡಿಸಿ, ಗುಡುಗು ಶುರುವಾದ ಮೇಲೆ ತಂತಿ ಮುಟ್ಟಬೇಡಿ.

ಇಷ್ಟೆಲ್ಲ ಖರ್ಚು ಮಾಡುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಿ ನೋಡಿ. ಮೊದಲನೆಯದು, ಮೇನ್ ಆಫ್ ಮಾಡಿ ಫ್ಲೋಟ್ ಸ್ವಿಚ್ಚಿನ ಎರಡು ತಂತಿಗಳನ್ನೂ ಬೋರ್ಡಿನಿಂದ ಬಿಡಿಸಿ, ಆ ಕಾಲಿಗೂ ಬೋರ್ಡಿನ 5 ವೋಲ್ಟಿಗೂ ನಡುವೆ ಒಂದು ಕಿಲೋಓಮಿನ ರೆಸಿಸ್ಟರ್ ಹಾಕಿ, ಮತ್ತೆ ಮೇನ್ ಆನ್ ಮಾಡಿ ಡ್ರಿಪ್ ಪಂಪನ್ನು ಹತ್ತಾರು ಸಲ ಆನ್-ಆಫ್ ಮಾಡಿ. ಆಗಲೂ ಬೋರ್ಡು ರೀಸೆಟ್ ಆದರೆ ಗದ್ದಲ ಬರುತ್ತಿರುವುದು ಸರಬರಾಜಿನಿಂದ ಅಥವಾ ರಿಲೇಯಿಂದ, ತೊಟ್ಟಿಯ ತಂತಿಯಿಂದಲ್ಲ. ಎರಡನೆಯದಕ್ಕೆ, ಎಲೆಕ್ಟ್ರಿಷಿಯನ್ನರು ಜೊತೆಗಿರುವಾಗ, ಬಿಡಿಸಿದ ಆ ತಂತಿಗಳಿಗೂ ಅರ್ತಿಂಗಿಗೂ ನಡುವೆ ಡಿಜಿಟಲ್ ಮಲ್ಟಿಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು, ಡ್ರಿಪ್ ಪಂಪ್ ಓಡುತ್ತಿರುವಾಗ ಅಳೆಯಿರಿ. ಹತ್ತಾರು ವೋಲ್ಟ್ ತೋರಿಸಿದರೆ ಗಾಬರಿಯಾಗಬೇಡಿ, ಮಲ್ಟಿಮೀಟರಿನ ಒಳರೋಧ ಹೆಚ್ಚಾದ್ದರಿಂದ ಸೋರಿಕೆಯ ಅಲ್ಪ ಪ್ರವಾಹವೂ ದೊಡ್ಡದಾಗಿ ಕಾಣುತ್ತದೆ. ಪಂಪ್ ನಿಲ್ಲಿಸಿ, ಮೇನ್ ಆಫ್ ಮಾಡಿ, ಮೀಟರಿನ ಎರಡು ಕಡ್ಡಿಗಳ ನಡುವೆ 10 ಕಿಲೋಓಮಿನ 10 ವಾಟ್ ರೆಸಿಸ್ಟರ್ ಕಟ್ಟಿ ಮತ್ತೆ ಅಳೆದಾಗ ಅದು ಐದಾರು ವೋಲ್ಟಿಗೋ ಅದಕ್ಕಿಂತ ಕೆಳಕ್ಕೋ ಕುಸಿದರೆ, ಈ ಉತ್ತರದಲ್ಲಿ ಹೇಳಿದ ಕೆಲಸಗಳೇ ನಿಮ್ಮ ಪರಿಹಾರ. ಕುಸಿಯದೆ ಹಾಗೆಯೇ ನಿಂತರೆ ಅದು ಗದ್ದಲವಲ್ಲ, ಪೈಪಿನೊಳಗೆ ಎಲ್ಲೋ ಇನ್ಸುಲೇಶನ್ ಹರಿದು ಫೇಸು ನಿಜವಾಗಿಯೇ ತಗಲಿದೆ. ಹಾಗಿದ್ದಲ್ಲಿ ಎರಡೂ ಪಂಪುಗಳ ಮೇನ್ ಆಫ್ ಮಾಡಿ, ಆ ಕೇಬಲ್ಲನ್ನು ಪೈಪಿನಿಂದ ಎಳೆದು ನೋಡುವವರೆಗೂ ತೊಟ್ಟಿಯ ನೀರಿಗೆ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ.